ಹಿತ್ತಲ ಕೋಳಿ ತೂಕಡಿಸಿದರೆ...

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಊರವರ ಮೇಲೆ ಸಿಟ್ಟಾದ ಅಜ್ಜಿ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಳು. ಊರಿಗೇನೂ ಬೆಳಗಾಗದೆ ಇರಲಿಲ್ಲ. ಅಜ್ಜಿಯನ್ನು ನೋಡಿ ನಗುವುದು ಸುಲಭ. ಆದರೆ ಹಿತ್ತಲಲ್ಲಿ ಹತ್ತು ಕೋಳಿ ಸಾಕಿಕೊಂಡ ಮನೆಯಲ್ಲಿ ಒಂದು ದಿನ ಹುಂಜ ಕೂಗಲಿಲ್ಲವೆಂದರೆ, ಆ ಮನೆಯ ಮಟ್ಟಿಗೆ ಅಂದು ಸರಿಯಾಗಿ ಬೆಳಗಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಹಾದು ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವ ರಸ್ತೆಯ ಆಚೀಚೆಯ ಹಳ್ಳಿಗಳಿಗೆ ಇಂಥ ಬೆಳಗು ಹೊಸದಲ್ಲ. ಶಾಲೆಗೆ ಹೊರಡುವ ಮುನ್ನ ಕೋಳಿ ಬಿಡುವ ಕೆಲಸ ಸಾಮಾನ್ಯವಾಗಿ ಮಕ್ಕಳದು. ಮಂಕರಿ ಎತ್ತಿದ ಕೂಡಲೇ ಕೋಳಿಗಳೆಲ್ಲ ರೆಕ್ಕೆ ಬಡಿದುಕೊಂಡು ತಿಪ್ಪೆಯ ಕಡೆ ಓಡುತ್ತವೆ. ಒಂದು ಮಾತ್ರ ಮೂಲೆಯಲ್ಲೇ ಮುದುಡಿ ಕೂತಿರುತ್ತದೆ.

“ಅಜ್ಜಿ, ಕರಿ ಹೇಂಟೆ ಯಾಕೋ ತೂಕಡಿಸ್ತೈತೆ.”

“ಬಿಸಿಲಿಗೆ ಕಣವ್ವ. ಒಂದೆಸಳು ಬೆಳ್ಳುಳ್ಳಿ ನುಂಗ್ಸು, ಸರಿಹೋಗ್ತದೆ.”

ಸರಿಹೋಗುವುದೂ ಉಂಟು. ಕೆಲವು ಸಲ ಮಾತ್ರ ಮರುದಿನಕ್ಕೆ ಹಸಿರು ಹಿಕ್ಕೆ, ಇನ್ನೆರಡು ದಿನಕ್ಕೆ ಸೊಟ್ಟಗಾದ ಕತ್ತು, ವಾರ ಕಳೆಯುವುದರೊಳಗೆ ಗೂಡೇ ಖಾಲಿ. ಜೊತೆಗೆ ಪಕ್ಕದ ಮನೆಯ ಗೂಡೂ ಖಾಲಿ. ಹೀಗೆ ಹೋಗುವುದು ಬರೀ ಕೋಳಿಯಲ್ಲ. ಮೊಟ್ಟೆ ಮಾರಿದ ದುಡ್ಡು ನೇರವಾಗಿ ಮನೆಯ ಹೆಂಗಸರ ಕೈ ಸೇರುವ ದುಡ್ಡು. ಅದರಲ್ಲಿ ನೋಟ್‌ಬುಕ್ಕು ಬರುತ್ತದೆ, ಬಸ್ ಪಾಸು ಬರುತ್ತದೆ, ನೆಂಟರು ಬಂದಾಗಿನ ಮರ್ಯಾದೆಯೂ ಉಳಿಯುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದ ಹಿತ್ತಲುಗಳಲ್ಲಿದ್ದ ಕೋಳಿ ಮುಂತಾದ ಸಾಕುಹಕ್ಕಿಗಳ ಸಂಖ್ಯೆ ಸುಮಾರು 31.7 ಕೋಟಿ. 2012ರ ಗಣತಿಗಿಂತ ಇದು ಶೇಕಡ 46ರಷ್ಟು ಹೆಚ್ಚು. ದೊಡ್ಡ ಫಾರಂಗಳ ಕಾಲದಲ್ಲೂ ಹಿತ್ತಲ ಕೋಳಿ ಸೋತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಕೋಳಿ ತೂಕಡಿಸಿದಾಗ ಮಾಡಬೇಕಾದ್ದೇನು? ಕೋಳಿಯ ಕಷ್ಟಗಳನ್ನು ಮೂರು ಗುಂಪು ಮಾಡಿಕೊಂಡರೆ ಉತ್ತರ ಸುಲಭವಾಗುತ್ತದೆ. ಮನೆಯಲ್ಲೇ ವಾಸಿ ಮಾಡಬಹುದಾದದ್ದು ಒಂದು. ಪಶುವೈದ್ಯರ ಸಲಹೆ ಬೇಕಾದದ್ದು ಎರಡನೆಯದು. ಬಂದ ಮೇಲೆ ಔಷಧಿಯೇ ಇಲ್ಲದ್ದು ಮೂರನೆಯದು. ಮೂರನ್ನೂ ಒಂದೇ ಬೆಳ್ಳುಳ್ಳಿಯಲ್ಲಿ ಗುಣಪಡಿಸಲು ಹೊರಡುವುದರಿಂದಲೇ ಗೂಡುಗಳು ಖಾಲಿಯಾಗುತ್ತಿವೆ.

ಬೆಳಗಿನ ಹಾಜರಿ

ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಹದ್ದು, ಮುಂಗುಸಿ, ಕಾಡುಬೆಕ್ಕುಗಳ ಬಾಯಿಗೆ ಬೀಳುವ ಭಯದಲ್ಲಿ ಬದುಕುವ ಹಕ್ಕಿಗೆ ‘ನನಗೆ ನೋವು’ ಎಂದು ತೋರಿಸಿಕೊಳ್ಳುವುದೇ ಅಪಾಯ. ಆದ್ದರಿಂದ ನಮ್ಮ ಕಣ್ಣಿಗೆ ಕಾಯಿಲೆ ಕಾಣುವ ಹೊತ್ತಿಗೆ ಅದು ಸಾಕಷ್ಟು ಬಲಿತಿರುತ್ತದೆ. ತರಗತಿಯಲ್ಲಿ ಮೇಷ್ಟ್ರು ಹಾಜರಿ ಕರೆಯುವಂತೆ ದಿನಾ ಬೆಳಿಗ್ಗೆ ಎರಡು ನಿಮಿಷ ಕೋಳಿಗಳ ಹಾಜರಿ ತೆಗೆದುಕೊಂಡರೆ ಅರ್ಧ ವೈದ್ಯ ಮುಗಿದಂತೆ.

ನೋಡಬೇಕಾದ್ದು ಐದೇ ಸಂಗತಿ. ಜುಟ್ಟು ಕೆಂಪಗಿದೆಯೇ, ಬಿಳಚಿಕೊಂಡಿದೆಯೇ, ನೀಲಿಗಟ್ಟಿದೆಯೇ? ಕಣ್ಣು ಪೂರ್ತಿ ತೆರೆದಿದೆಯೇ, ನೀರು ಸುರಿಯುತ್ತಿದೆಯೇ? ನಡಿಗೆ ಸರಿಯಿದೆಯೇ? ಉಸಿರಾಟದಲ್ಲಿ ಗೊರಗೊರ ಸದ್ದಿದೆಯೇ? ಹಿಕ್ಕೆ ಹೇಗಿದೆ?

ಹಿಕ್ಕೆಯನ್ನು ನೋಡಿ ಮೂಗು ಮುರಿಯಬೇಡಿ. ಕೋಳಿ ಬರೆಯುವ ಆರೋಗ್ಯದ ವರದಿ ಅದು. ಕಂದು ಬಣ್ಣದ ಗಟ್ಟಿ ಹಿಕ್ಕೆ, ಅದರ ಮೇಲೆ ಬಿಳಿಯ ಟೊಪ್ಪಿಗೆ ಇದ್ದರೆ ಎಲ್ಲವೂ ಸರಿ. ಆ ಬಿಳಿಯ ಭಾಗವೇ ಕೋಳಿಯ ಮೂತ್ರ! ಹಕ್ಕಿಗಳು ನಮ್ಮಂತೆ ನೀರಾಗಿ ಮೂತ್ರ ವಿಸರ್ಜಿಸುವುದಿಲ್ಲ. ಯೂರಿಕ್ ಆಮ್ಲದ ಬಿಳಿ ಮುದ್ದೆಯಾಗಿ ಅದನ್ನು ಹಿಕ್ಕೆಯ ಜೊತೆಗೇ ಹಾಕುತ್ತವೆ. ಹಿಕ್ಕೆ ಹಸಿರು ನೀರಾದರೆ, ರಕ್ತ ಕಂಡರೆ, ಹುಳು ಕಂಡರೆ ಎಚ್ಚರಗೊಳ್ಳಬೇಕು.

ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಕೈಗೆ ಸಿಗುವ ಮೇವಿನ ಚೀಲವನ್ನೂ ಮುಟ್ಟಿ ನೋಡಬೇಕು. ತಿಂದ ಕಾಳು ಮೊದಲು ಸೇರುವುದು ಅಲ್ಲಿಗೆ. ಸಂಜೆ ತುಂಬಿದ್ದ ಚೀಲ ಬೆಳಿಗ್ಗೆ ಬರಿದಾಗಿರಬೇಕು. ಬೆಳಿಗ್ಗೆಯೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದು ಅರ್ಥ. ನಾರು, ಉದ್ದ ಹುಲ್ಲು, ಪ್ಲಾಸ್ಟಿಕ್ ಚೂರು, ಏನಾದರೂ ಆಗಿರಬಹುದು. ಆರಂಭದಲ್ಲಾದರೆ ಸ್ವಲ್ಪ ನೀರು ಕುಡಿಸಿ ಚೀಲವನ್ನು ಮೃದುವಾಗಿ ನೀವಿದರೆ ಸಡಿಲವಾಗಬಹುದು. ಆಗದಿದ್ದರೆ ವೈದ್ಯರಿಗೆ ತೋರಿಸಬೇಕು. ಕೋಳಿಯನ್ನು ತಲೆಕೆಳಗೆ ಮಾಡಿ ಕಕ್ಕಿಸಲು ಹೋದರೆ ಅದು ಉಸಿರುಕಟ್ಟಿ ಸಾಯಬಹುದು.

ಹಾಜರಿಯಲ್ಲಿ ಯಾವುದೇ ಕೋಳಿ ಸಪ್ಪಗೆ ಕಂಡರೆ ಮೊದಲ ಚಿಕಿತ್ಸೆ ಔಷಧಿಯಲ್ಲ, ಬೇರ್ಪಡಿಸುವುದು. ಬೇರೆ ಮಂಕರಿ, ಒಣಗಿದ ಹುಲ್ಲು, ಬೇರೆ ನೀರಿನ ಬಟ್ಟಲು, ನೆರಳು, ಬೆಚ್ಚನೆಯ ಜಾಗ. ಕಾಯಿಲೆ ಯಾವುದೇ ಆಗಿರಲಿ, ಈ ಕ್ರಮದಿಂದ ನಷ್ಟವಂತೂ ಇಲ್ಲ.

ಗಾಯಕ್ಕೆ ಮನೆಮದ್ದು

ನಾಯಿ ಕಚ್ಚಿದ್ದು, ಹದ್ದಿನ ಉಗುರು ನಾಟಿದ್ದು, ಮುಳ್ಳುತಂತಿ ತಗುಲಿದ್ದು, ಹುಂಜಗಳ ಜಗಳ: ಹಿತ್ತಲಿನಲ್ಲಿ ಗಾಯಕ್ಕೆ ಕಾರಣಗಳು ಒಂದೆರಡಲ್ಲ. ಸಣ್ಣ ಗಾಯಗಳನ್ನು ಮನೆಯಲ್ಲೇ ವಾಸಿ ಮಾಡಬಹುದು. ಗಾಯಗೊಂಡ ಕೋಳಿಯನ್ನು ಗುಂಪಿನಲ್ಲಿ ಬಿಡಲೇಬಾರದು. ಕೆಂಪು ಕಂಡರೆ ಕುಕ್ಕುವುದು ಕೋಳಿಯ ಸ್ವಭಾವ. ಒಡಹುಟ್ಟಿದವೇ ಸೇರಿ ಸಣ್ಣ ಗಾಯವನ್ನು ದೊಡ್ಡದು ಮಾಡುತ್ತವೆ.

ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಉಗುರು ಮುರಿದಿದ್ದರೆ ಅರಿಸಿನಪುಡಿ ಒತ್ತಿದರೂ ಸಾಕಾಗುತ್ತದೆ. ಆಮೇಲೆ ಗಾಯದ ಸುತ್ತಲಿನ ಪುಕ್ಕಗಳನ್ನು ಕತ್ತರಿಸಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಬೇಕು. ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಚಹಾ ಚಮಚ ಉಪ್ಪು. ಆಸ್ಪತ್ರೆಯಲ್ಲಿ ಮನುಷ್ಯರಿಗೆ ಏರಿಸುವ ಸಲೈನ್‌ನಲ್ಲಿರುವುದೂ ಇದೇ ಪ್ರಮಾಣ. ಅದಕ್ಕಿಂತ ಹೆಚ್ಚು ಉಪ್ಪು ಹಾಕಿದರೆ ಗಾಯ ಉರಿಯುತ್ತದೆಯೇ ಹೊರತು ಬೇಗ ಮಾಗುವುದಿಲ್ಲ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಬೇಕು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಸಿನ ತರಚು ಗಾಯಕ್ಕೆ ಸಾಲುತ್ತದೆ. ನಾಯಿಯ ಹಲ್ಲು ಆಳಕ್ಕೆ ಇಳಿದಿದ್ದರೆ ಸಾಲದು. ಮೇಲೆ ಸಣ್ಣ ತೂತು ಕಂಡರೂ ಒಳಗೆ ಕೀವು ಕಟ್ಟುತ್ತದೆ. ನೊಣ ಕೂತು ಹುಳ ಬಿದ್ದ ಗಾಯವೂ ಹಾಗೆಯೇ. ಕಂಡ ಹುಳಗಳನ್ನು ಚಿಮಟದಿಂದ ತೆಗೆದು ವೈದ್ಯರ ಬಳಿಗೆ ಒಯ್ಯುವುದು ಕ್ಷೇಮ. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಕೀಟನಾಶಕಗಳನ್ನು ಕೋಳಿಯ ಮೈಗೆ ತಾಗಿಸಲೇಬಾರದು. ಹುಳದ ಜೊತೆ ಕೋಳಿಯೂ ಸಾಯುತ್ತದೆ.

ಕಾಲಿನ ಕೆಳಭಾಗದ ಮೂಳೆ ಮುರಿದಿದ್ದರೆ ಹತ್ತಿ ಸುತ್ತಿ, ಎರಡು ತೆಳು ಬಿದಿರ ದಬ್ಬೆ ಇಟ್ಟು ಬಟ್ಟೆಯಿಂದ ಕಟ್ಟಬಹುದು. ಎರಡು ಮೂರು ವಾರದಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ಬೆರಳುಗಳು ತಣ್ಣಗಾದರೆ ಅಥವಾ ಊದಿದರೆ ಕಟ್ಟು ಬಿಗಿಯಾಯಿತು ಎಂದರ್ಥ, ಸಡಿಲಿಸಬೇಕು. ರೆಕ್ಕೆ ಜೋತುಬಿದ್ದಿದ್ದರೆ ಅದನ್ನು ಸಹಜವಾಗಿ ಮಡಿಸಿ ಮೈಗೆ ಸೇರಿಸಿ ಕಟ್ಟಬೇಕು.

ಇಲ್ಲಿ ಎರಡು ವಿಜ್ಞಾನದ ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಕೋಳಿಗೆ ನಮ್ಮಂತೆ ವಪೆ ಇಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಅದರ ಉಸಿರಾಟ. ಕಟ್ಟನ್ನು ಎದೆಗೆ ಬಿಗಿದರೆ, ಮಕ್ಕಳು ಪ್ರೀತಿಯಿಂದ ಎದೆ ಅವುಚಿ ಹಿಡಿದರೂ ಸಹ, ಮೂಗು ಬಾಯಿ ತೆರೆದಿದ್ದಂತೆಯೇ ಕೋಳಿ ಉಸಿರುಕಟ್ಟಿ ಸಾಯಬಹುದು. ಎರಡನೆಯದು, ರೆಕ್ಕೆಯ ಬುಡದ ಮೂಳೆ ಟೊಳ್ಳು. ದೇಹದೊಳಗಿನ ಗಾಳಿಚೀಲಗಳಿಗೆ ಅದು ಸೇರಿಕೊಂಡಿರುತ್ತದೆ. ಆ ಮೂಳೆ ಮುರಿದು ಹೊರಗೆ ಕಾಣುತ್ತಿದ್ದರೆ ಗಾಯಕ್ಕೆ ನೀರು, ಔಷಧಿ ಸುರಿಯಬಾರದು. ಅದು ಉಸಿರಾಟದ ದಾರಿಗೇ ಇಳಿಯುತ್ತದೆ. ಅಂಥ ಗಾಯ ವೈದ್ಯರ ಪಾಲಿನದು.

ಬಾಯಿಗೆ ಔಷಧಿ ಹಾಕುವಾಗಲೂ ಇದೇ ಎಚ್ಚರ ಬೇಕು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಕೊಕ್ಕು ತೆರೆದು ಚಮಚದಲ್ಲಿ ಸುರಿದರೆ ಔಷಧಿ ಪುಪ್ಪುಸಕ್ಕೆ ಹೋಗುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ತೊಟ್ಟು ತಾಗಿಸಿ, ಅದೇ ನುಂಗುವಂತೆ ಬಿಡಬೇಕು.

ಅರಸೀಕೆರೆಯ ಬಿಸಿಲು, ಬೇಲೂರಿನ ತೇವ

ಒಂದೇ ಜಿಲ್ಲೆಯಲ್ಲಿದ್ದರೂ ಅರಸೀಕೆರೆಯ ಕೋಳಿಯ ಕಷ್ಟ ಬೇರೆ, ಬೇಲೂರಿನ ಕೋಳಿಯ ಕಷ್ಟ ಬೇರೆ. ಅರಸೀಕೆರೆ ತೆಂಗು ರಾಗಿಗಳ ಬಯಲುಸೀಮೆ. ಬೇಲೂರು ತಾಲ್ಲೂಕಿನ ಪಶ್ಚಿಮದ ಅರೇಹಳ್ಳಿ ಕಡೆಗೆ ಹೋದರೆ ಕಾಫಿ ತೋಟ, ಬಿಡದ ಮಳೆ. ನಡುವೆ ಹಳೇಬೀಡು.

ಬಯಲುಸೀಮೆಯ ಬೇಸಿಗೆಯನ್ನು ಮೊದಲು ನೋಡೋಣ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಮೇಲಾಗಿ ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಹೊರಗಿನ ಬಿಸಿ ಹೆಚ್ಚಿತೆಂದರೆ ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆಗಳನ್ನು ಮೈಯಿಂದ ದೂರ ಚಾಚುವುದು ಶುರುವಾಗುತ್ತದೆ. ಹೀಗೆ ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್ ತಾನೆ? ಕಾರ್ಬೊನೇಟ್ ಕೊರತೆಯಾಗಿ ಚಿಪ್ಪು ತೆಳುವಾಗುತ್ತದೆ. ಬೇಸಿಗೆಯಲ್ಲಿ ಮೊಟ್ಟೆ ಬೇಗ ಒಡೆಯುವ ಗುಟ್ಟು ಇದು! ಇಂಥ ಕೋಳಿಯನ್ನು ನೆರಳಿಗೆ ತಂದು, ಕಾಲು ಜುಟ್ಟುಗಳನ್ನು ಒದ್ದೆ ಮಾಡಿ, ತಣ್ಣನೆಯ ನೀರಿಡಬೇಕು. ದೊಡ್ಡ ಕೋಳಿಯೊಂದು ದಿನಕ್ಕೆ ಕಾಲು ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಅದರ ಇಮ್ಮಡಿ.

ಅಜ್ಜಿ ಹೇಳಿದ ‘ಬಿಸಿಲಿಗೆ ಕಣವ್ವ’ ಎಂಬ ಮಾತನ್ನು ಪರೀಕ್ಷಿಸುವ ದಾರಿಯೂ ಇಲ್ಲೇ ಇದೆ. ಬಿಸಿಲಿನ ಬಳಲಿಕೆಯಾದರೆ ನೆರಳು ನೀರು ಸಿಕ್ಕ ಸ್ವಲ್ಪ ಹೊತ್ತಿಗೆ ಕೋಳಿ ಚೇತರಿಸಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲೂ ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ಬಿಸಿಲಲ್ಲ, ರೋಗ.

ಕೋಳಿಯ ಕಾಲನ್ನೂ ಆಗಾಗ ನೋಡಬೇಕು. ತೆಂಗಿನ ನಾರು, ಹೊಲಿಗೆಯ ದಾರ, ಉದುರಿದ ತಲೆಗೂದಲು ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಂತು ಬೆರಳೇ ಉದುರಿಹೋಗುವುದುಂಟು. ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿ ಹಾರಿ ಅಂಗಾಲಿನಲ್ಲಿ ಕಪ್ಪು ಹಕ್ಕಳೆಯ ಬಾವು ಏಳುವುದೂ ಸಾಮಾನ್ಯ. ಮೊದಲಲ್ಲೇ ಕಂಡರೆ ಬೆಚ್ಚನೆಯ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಅಯೋಡಿನ್ ಹಚ್ಚಿ, ಮೆತ್ತನೆಯ ಹುಲ್ಲಿನ ಮೇಲೆ ಬಿಟ್ಟರೆ ಇಳಿಯುತ್ತದೆ. ಗಟ್ಟಿಯಾಗಿ ಕೀವುಗಟ್ಟಿದ್ದನ್ನು ಬ್ಲೇಡಿನಿಂದ ಕುಯ್ಯುವ ಸಾಹಸ ಬೇಡ.

ಹೇನು, ಕೂರೆಗಳಿಗೆ ಸೀಮೆಯ ಭೇದವಿಲ್ಲ. ರೆಕ್ಕೆಯಡಿ, ಬಾಲದ ಕೆಳಗೆ ಪುಕ್ಕ ಬಿಡಿಸಿ ನೋಡಿದರೆ ಹರಿದಾಡುವುದು ಕಾಣುತ್ತದೆ. ಕೋಳಿ ಮಣ್ಣಿನಲ್ಲಿ ಹೊರಳಾಡುವುದು ಆಟವಲ್ಲ, ಅದು ಅದರ ಸ್ನಾನ. ಒಣ ಮಣ್ಣಿಗೆ ಒಲೆಯ ತಣ್ಣನೆಯ ಬೂದಿ ಬೆರೆಸಿ ಒಂದು ಗುಂಡಿಯಲ್ಲಿ ಹಾಕಿಟ್ಟರೆ ಹೇನಿನ ಕಾಟ ತಗ್ಗುತ್ತದೆ. ಹಗಲು ಗೂಡಿನ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೀಟಗಳೂ ಇವೆ. ಅವುಗಳಿಗೆ ಗೂಡನ್ನು ಖಾಲಿ ಮಾಡಿ ಬಿರುಕು ಮೆತ್ತಿ ಸುಣ್ಣ ಬಳಿಯುವುದೇ ಮದ್ದು.

ಇನ್ನು ಬೇಲೂರಿನ ಮಳೆಗಾಲ. ತೇವದ ಗೂಡಿನಲ್ಲಿ ಮೂರರಿಂದ ಆರು ವಾರದ ಮರಿಗಳು ಮುದುಡಿ ಕೂತು ರಕ್ತದ ಹಿಕ್ಕೆ ಹಾಕಿದರೆ ಅದು ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಯಾಗಿರುವ ಸಾಧ್ಯತೆ ಹೆಚ್ಚು. ಐಮೀರಿಯಾ ಎಂಬ ಏಕಕೋಶಜೀವಿ ಇದಕ್ಕೆ ಕಾರಣ. ಹಿಕ್ಕೆಯೊಂದಿಗೆ ಹೊರಬಿದ್ದ ಅದರ ಮೊಟ್ಟೆಯಂಥ ಕಣಗಳು ತೇವ, ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲಿ ರೋಗ ಹರಡಲು ಸಿದ್ಧವಾಗುತ್ತವೆ. ಆದ್ದರಿಂದ ದಿನಾ ಹಿಕ್ಕೆ ಬಳಿದು ನೆಲಕ್ಕೆ ಒಣ ಹೊಟ್ಟು ಹರಡುವುದೇ ದೊಡ್ಡ ಔಷಧಿ. ರೋಗ ಬಂದಾಗ ಪಶುವೈದ್ಯರು ಆಂಪ್ರೋಲಿಯಂ ಎಂಬ ಪುಡಿಯನ್ನು ನೀರಿಗೆ ಬೆರೆಸಿ ಕೊಡಲು ಹೇಳುವುದುಂಟು.

ಮಳೆಯ ಜೊತೆ ಸೊಳ್ಳೆ, ಸೊಳ್ಳೆಯ ಜೊತೆ ಕೋಳಿ ಸಿಡುಬು. ಜುಟ್ಟು, ಕಣ್ಣಿನ ಸುತ್ತ, ಕೊಕ್ಕಿನ ಕೆಳಗೆ ಜೋಲುವ ತೊಗಲಿನ ಮೇಲೆ ಗಂಟುಗಳೆದ್ದು ಹಕ್ಕಳೆ ಕಟ್ಟುತ್ತವೆ. ವೈರಸ್ ರೋಗವಾದ್ದರಿಂದ ನೇರ ಔಷಧಿಯಿಲ್ಲ. ಆದರೆ ಚರ್ಮಕ್ಕಷ್ಟೇ ಬಂದಿದ್ದರೆ ಎರಡರಿಂದ ನಾಲ್ಕು ವಾರದಲ್ಲಿ ತಾನೇ ಮಾಗುತ್ತದೆ. ಹಕ್ಕಳೆ ಕೀಳದೆ ಅಯೋಡಿನ್ ಹಚ್ಚಿ, ಕಣ್ಣು ಮುಚ್ಚಿಕೊಂಡ ಕೋಳಿಗೆ ಕೈಯಾರೆ ತಿನ್ನಿಸಿ ಕಾಪಾಡಬೇಕು. ಬಾಯೊಳಗೆ ಹಳದಿ ಪೊರೆ ಕಟ್ಟಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಅಪಾಯ. ಇದಕ್ಕೂ ಲಸಿಕೆಯಿದೆ.

ಕೋಳಿ ಕಲಿಸಿದ ಪಾಠ

ಆಂಪ್ರೋಲಿಯಂ ಕೆಲಸ ಮಾಡುವ ರೀತಿ ಸ್ವಾರಸ್ಯಕರ. ಅದರ ಹಿಂದೆ ಕೋಳಿಗಳದೇ ಒಂದು ಚರಿತ್ರೆಯಿದೆ.

1890ರ ದಶಕ. ಇಂದಿನ ಜಕಾರ್ತ ಆಗ ಬಟೇವಿಯ. ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್‌ರ ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ನಂತರ ಅಷ್ಟೇ ವಿಚಿತ್ರವಾಗಿ ಗುಣವಾದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಡುವಿನ ದಿನಗಳಲ್ಲಿ ಅವುಗಳಿಗೆ ಆಸ್ಪತ್ರೆಯ ಅಡಿಗೆಮನೆಯ ಪಾಲಿಷ್ ಮಾಡಿದ ಅಕ್ಕಿಯ ಅನ್ನ ಹಾಕಲಾಗಿತ್ತು. ಹೊಸ ಅಡಿಗೆಯವನು ಬಂದು ಅದನ್ನು ನಿಲ್ಲಿಸಿದ್ದ! ಅಕ್ಕಿಯ ತೌಡಿನಲ್ಲಿರುವ ಆ ಸತ್ವವೇ ಇಂದು ನಾವು ಬಿ1 ಅಥವಾ ಥಯಮಿನ್ ಎಂದು ಕರೆಯುವ ವಿಟಮಿನ್. ಐಕ್‌ಮನ್‌ರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಆಂಪ್ರೋಲಿಯಂನ ರಚನೆ ಈ ಥಯಮಿನ್ನನ್ನೇ ಹೋಲುತ್ತದೆ. ಐಮೀರಿಯಾ ಜೀವಿ ಮೋಸಹೋಗಿ ಥಯಮಿನ್ ಬದಲು ಅದನ್ನೇ ಹೀರಿಕೊಂಡು ಹಸಿವಿನಿಂದ ಸಾಯುತ್ತದೆ. ಹಾಗಾಗಿ ಈ ಔಷಧಿ ಕೊಡುವಾಗ ‘ಶಕ್ತಿ ಬರಲಿ’ ಎಂದು ಬಿ-ಕಾಂಪ್ಲೆಕ್ಸ್ ಟಾನಿಕ್ಕನ್ನೂ ಕೊಟ್ಟರೆ ಮಾಡಿದ ಚಿಕಿತ್ಸೆ ವ್ಯರ್ಥ. ಔಷಧಿ ಕೊಡುವುದಕ್ಕಿಂತ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವುದು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಬರೀ ನುಚ್ಚಕ್ಕಿ ತಿಂದು ಬೆಳೆಯುವ ಕೋಳಿಗೆ ರಾಗಿ, ತೌಡು, ಸೊಪ್ಪು, ಗೆದ್ದಲು ಸಿಗುವಂತೆ ನೋಡಿಕೊಳ್ಳಬೇಕೆಂಬುದು ಐಕ್‌ಮನ್‌ರ ಕೋಳಿಗಳು ಕಲಿಸಿದ ಪಾಠ. ಮೊಟ್ಟೆಯಿಡುವ ಹೇಂಟೆಗೆ ಸುಣ್ಣದ ಅಂಶವೂ ಬೇಕು. ಒಂದೊಂದು ಮೊಟ್ಟೆಯ ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ಅದು ಸಾಲದಾದಾಗ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೇಂಟೆ ಮುಕ್ಕುತ್ತಾ, ಬಾಲ ಆಡಿಸುತ್ತಾ ಒದ್ದಾಡುವುದುಂಟು. ಕೈಗೆ ಹಿತವೆನಿಸುವ ಬೆಚ್ಚನೆಯ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಮಲದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ, ಕತ್ತಲು ಮೂಲೆಯಲ್ಲಿ ಬಿಟ್ಟರೆ ಹಲವು ಸಲ ಮೊಟ್ಟೆ ಬರುತ್ತದೆ. ಹೊಟ್ಟೆ ಒತ್ತಿ ತೆಗೆಯಲು ಹೋದರೆ ಒಳಗೇ ಒಡೆದು ಪ್ರಾಣಾಪಾಯ. ಹುರಿದು ಪುಡಿಮಾಡಿದ ಮೊಟ್ಟೆ ಚಿಪ್ಪನ್ನು ಮೇವಿಗೆ ಬೆರೆಸುವುದು ಮುಂದಿನ ಸಲಕ್ಕೆ ಮದ್ದು.

ಔಷಧಿಯಿಲ್ಲದ ಕೊಕ್ಕರೆ ರೋಗ

ಇನ್ನುಳಿದದ್ದು ಮೂರನೆಯ ಗುಂಪು. ಅದರ ಮುಂದಾಳು ಕೊಕ್ಕರೆ ರೋಗ, ಅಂದರೆ ರಾಣಿಖೇತ್.

1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಬಳಿಯೂ ಕಂಡ ಈ ರೋಗ ನಮ್ಮ ದೇಶದಲ್ಲಿ ಮೊದಲು ಗುರುತಾದದ್ದು 1927ರಲ್ಲಿ, ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ. ಆ ಊರಿನ ಹೆಸರೇ ರೋಗಕ್ಕೂ ಅಂಟಿತು. ವೈರಸ್ ಮೈಸೇರಿದ ಸಾಮಾನ್ಯವಾಗಿ ಐದಾರು ದಿನಕ್ಕೆ ತೂಕಡಿಕೆ, ಬಾಯಲ್ಲಿ ಲೋಳೆ, ಏದುಸಿರು, ಹಸಿರು ಬಿಳಿ ನೀರಿನಂಥ ಹಿಕ್ಕೆ. ಬದುಕುಳಿದವಕ್ಕೆ ತಿರುಚಿದ ಕತ್ತು, ಸೋತ ಕಾಲು. ಲಸಿಕೆಯಿಲ್ಲದ ಗೂಡಿಗೆ ಇದರ ತೀವ್ರ ರೂಪ ಹೊಕ್ಕರೆ ನೂರಕ್ಕೆ ತೊಂಬತ್ತು ಕೋಳಿಗಳೂ ಸಾಯಬಹುದು. ‘ನಾಟಿಕೋಳಿಗೆ ರೋಗ ಬರುವುದಿಲ್ಲ’ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳಿಗೂ ವಿನಾಯಿತಿಯಿಲ್ಲ.

ಬೆಳ್ಳುಳ್ಳಿಯಾಗಲಿ ಮೆಡಿಕಲ್ ಸ್ಟೋರಿನ ಮಾತ್ರೆಯಾಗಲಿ ಈ ವೈರಸ್ಸನ್ನು ಕೊಲ್ಲುವುದಿಲ್ಲ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಪುಡಿಮಾಡಿ ಹಾಕುವ ಅಭ್ಯಾಸವಂತೂ ಎರಡು ಬಗೆಯಲ್ಲಿ ಕೆಟ್ಟದ್ದು. ಅದು ರೋಗ ಗುಣಪಡಿಸುವುದಿಲ್ಲ. ಮೇಲಾಗಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧಿಯನ್ನು ಕೋಳಿ ಮುಂತಾದ ಆಹಾರದ ಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಇರುವುದೊಂದೇ ದಾರಿ, ರೋಗ ಬರುವ ಮುನ್ನ ಲಸಿಕೆ. ವಿಚಿತ್ರವೆಂದರೆ ಪ್ರಯೋಗಶಾಲೆಯಲ್ಲಿ ರೋಗಾಣುವಿನ ಬಲ ಕುಗ್ಗಿಸಿ ಲಸಿಕೆಯಾಗಿಸುವ ವಿದ್ಯೆ ಮೊದಲು ಸಿದ್ಧಿಸಿದ್ದು ಕೋಳಿಯ ಮೇಲೇ. 1879ರಲ್ಲಿ ಲೂಯಿ ಪಾಶ್ಚರ್ ಕೋಳಿ ಕಾಲರಾ ರೋಗಾಣುಗಳ ಹಳೆಯ ದ್ರಾವಣವನ್ನು ಕೋಳಿಗಳಿಗೆ ಚುಚ್ಚಿದಾಗ ಅವು ಸಾಯಲಿಲ್ಲ. ಆಮೇಲೆ ತಾಜಾ ರೋಗಾಣು ಚುಚ್ಚಿದರೂ ಸಾಯಲಿಲ್ಲ. ವಿಟಮಿನ್ನಿನ ಪಾಠದಂತೆ ಲಸಿಕೆಯ ಪಾಠವನ್ನೂ ಮನುಷ್ಯನಿಗೆ ಕಲಿಸಿದ ಗುರು ಈ ಹಕ್ಕಿ!

ರೂಢಿಯಲ್ಲಿರುವ ಕ್ರಮ ಹೀಗಿದೆ. ಮರಿಗೆ 5ರಿಂದ 7 ದಿನವಾದಾಗ ಎಫ್-1 ಅಥವಾ ಲಸೋಟ ಲಸಿಕೆ, ಕಣ್ಣಿಗೋ ಮೂಗಿಗೋ ಒಂದೇ ತೊಟ್ಟು. 4-5 ವಾರಕ್ಕೆ ಮತ್ತೊಮ್ಮೆ ಲಸೋಟ. 8ರಿಂದ 10 ವಾರಕ್ಕೆ ಮುಕ್ತೇಶ್ವರ ತಳಿಯ ಆರ್2ಬಿ ಚುಚ್ಚುಮದ್ದು. ಇದನ್ನು ಎಳೆಯ ಮರಿಗಳಿಗೆ ಕೊಡುವಂತಿಲ್ಲ. ಸಪ್ಪಗಿರುವ ಕೋಳಿಗಳಿಗೂ ಲಸಿಕೆ ಸಲ್ಲದು. ಮುಂದಿನ ವರಸೆಗಳನ್ನು ಊರಿನ ಪರಿಸ್ಥಿತಿ ನೋಡಿ ಪಶುವೈದ್ಯರು ಹೇಳುತ್ತಾರೆ.

ಇಷ್ಟು ಸುಲಭವಾಗಿದ್ದರೂ ಹಳ್ಳಿಗಳಲ್ಲಿ ಕೋಳಿ ಸಾಯುವುದೇಕೆ? ತೊಡಕಿರುವುದು ಸೀಸೆಯಲ್ಲಿ. ಲಸಿಕೆಯ ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟಿರುತ್ತದೆ. ಅದರಲ್ಲಿರುವುದು ಜೀವಂತ ವೈರಸ್. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಒಂದು ಮನೆಯಲ್ಲಿರುವುದು ಹತ್ತೇ ಕೋಳಿ! ಉಳಿದ ತೊಂಬತ್ತು ತೊಟ್ಟುಗಳಿಗಾಗಿ ಯಾರು ಸೀಸೆ ತರುತ್ತಾರೆ? ಹಾಗಾಗಿ ಯಾರೂ ತರುವುದಿಲ್ಲ.

ಈ ಲೆಕ್ಕಕ್ಕೆ ಉತ್ತರ ಒಂದು ಮನೆಯಲ್ಲಿಲ್ಲ, ಒಂದು ಬೀದಿಯಲ್ಲಿದೆ. ಹತ್ತು ಮನೆಯವರು ಕೂಡಿ ಒಂದು ದಿನ ಗೊತ್ತುಮಾಡಿ ಪಶು ಆಸ್ಪತ್ರೆಗೆ ಮೊದಲೇ ತಿಳಿಸಿದರೆ ಒಂದೇ ಸೀಸೆ ಎಲ್ಲರಿಗೂ ಸಾಲುತ್ತದೆ. ಕೋಳಿ ಹಿಡಿಯುವ ಪೇಚಾಟವೂ ಬೇಡ. ಮುಂಜಾನೆ ಗೂಡಿನ ಬಾಗಿಲು ತೆಗೆಯುವ ಮುನ್ನವೇ ಲಸಿಕೆ ಹಾಕಿದರಾಯಿತು. ಈಗ ಪಶುಪಾಲಕರಿಗೆ 1962 ಎಂಬ ಉಚಿತ ಸಹಾಯವಾಣಿಯೂ ಇದೆ, ಹಲವು ಗ್ರಾಮಗಳಲ್ಲಿ ತರಬೇತಿ ಪಡೆದ ಪಶು ಸಖಿಯರೂ ಇದ್ದಾರೆ.

ಸಂತೆಯ ಕೋಳಿ, ಸತ್ತ ಕೋಳಿ

ಲಸಿಕೆಯಿದ್ದರೂ ರೋಗವನ್ನು ಮನೆಗೆ ಕರೆತರುವ ಎರಡು ಬಾಗಿಲುಗಳನ್ನು ಮುಚ್ಚಬೇಕು. ಮೊದಲನೆಯದು ಸಂತೆ. ಕೋಳಿ ತೂಕಡಿಸಲು ಶುರುವಾದೊಡನೆ ‘ಸಾಯುವ ಮುಂಚೆ ಬಂದಷ್ಟು ಬರಲಿ’ ಎಂದು ಮಾರಿಬಿಡುವವರಿದ್ದಾರೆ. ಬಡತನದಲ್ಲಿ ಇದು ಅರ್ಥವಾಗುವ ಮಾತೇ. ಆದರೆ ಆ ಕೋಳಿಯೊಂದಿಗೆ ರೋಗವೂ ಬಸ್ಸು ಹತ್ತಿ ಇನ್ನೊಂದು ಊರಿನ ಇನ್ನೊಬ್ಬ ತಾಯಿಯ ಗೂಡು ಸೇರುತ್ತದೆ. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆ ಮಂಕರಿಯಲ್ಲೇ ಇಟ್ಟು ನೋಡಿ ಆಮೇಲೆ ಗುಂಪಿಗೆ ಬಿಡುವುದು ಜಾಣತನ.

ಎರಡನೆಯದು ಸತ್ತ ಕೋಳಿ. ಅದನ್ನು ತಿಪ್ಪೆಗೆಸೆದರೆ ನಾಯಿ ಎಳೆದಾಡಿ ಊರಿಗೆಲ್ಲ ಹಂಚುತ್ತದೆ. ಕೆರೆಗೆ ಎಸೆಯುವುದಂತೂ ಕೂಡದು. ಹಳೇಬೀಡಿನ ದೋರಸಮುದ್ರದಂಥ ಕೆರೆಗಳು ಊರಿನ ನೀರೂ ಹೌದು, ಹಕ್ಕಿಗಳ ಆಸರೆಯೂ ಹೌದು. ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಕಾಯಿಲೆಯಿಂದ ಸತ್ತ ಕೋಳಿಯನ್ನು ತಿನ್ನಬಾರದು. ಕೋಳಿ ಮುಟ್ಟಿದ ಮೇಲೆ, ಗೂಡು ಗುಡಿಸಿದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯಲೇಬೇಕು. ಹಿಕ್ಕೆಯಲ್ಲಿರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮನುಷ್ಯರಿಗೂ ಭೇದಿ ತರುತ್ತದೆ.

ಒಂದೇ ದಿನ ಹಲವು ಕೋಳಿಗಳು ದಿಢೀರನೆ ಸತ್ತು, ಜುಟ್ಟು ನೀಲಿಗಟ್ಟಿ ಮುಖ ಊದಿದ್ದರೆ ಮುಟ್ಟದೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು. ಅದು ಹಕ್ಕಿಜ್ವರವೂ ಆಗಿರಬಹುದು. 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಅದು ಕಾಣಿಸಿಕೊಂಡಿತ್ತು. ಹೇಳಿದರೆ ಉಳಿದ ಕೋಳಿಗಳನ್ನೂ ಕೊಲ್ಲುತ್ತಾರೆ ಎಂಬ ಭಯದಿಂದ ಮುಚ್ಚಿಟ್ಟರೆ ಅಪಾಯ ಮನೆಯ ಮಕ್ಕಳಿಗೇ.

ಗೂಡಿನ ಬಳಿ ಇರಬೇಕಾದ ಪೆಟ್ಟಿಗೆ

ಹಳೆಯ ಡಬ್ಬವೊಂದರಲ್ಲಿ ಇಷ್ಟಿದ್ದರೆ ಸಾಕು: ಶುಭ್ರ ಹತ್ತಿ ಬಟ್ಟೆ, ಕತ್ತರಿ, ಚಿಮಟ, ಪೊವಿಡೋನ್ ಅಯೋಡಿನ್, ಉಪ್ಪು, ಅರಿಸಿನ, ಕೊಬ್ಬರಿ ಎಣ್ಣೆ, ಎರಡು ಬಿದಿರ ದಬ್ಬೆ, ತೊಟ್ಟು ಹಾಕುವ ಡ್ರಾಪರ್, ಒಂದು ಹೆಚ್ಚುವರಿ ಮಂಕರಿ. ಜೊತೆಗೆ ಒಂದು ನೋಟ್‌ಬುಕ್ಕು. ಯಾವ ಕೋಳಿಗೆ ಯಾವ ದಿನ ಏನಾಯಿತು, ಮರಿಗಳಿಗೆ ಲಸಿಕೆ ಯಾವಾಗ ಎಂದು ಬರೆದಿಡಲು.

ಈ ನೋಟ್‌ಬುಕ್ಕಿನ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು. ಬೀದಿಯ ಹತ್ತು ಮನೆಗಳಲ್ಲಿ ಎಷ್ಟು ಕೋಳಿ, ಎಷ್ಟು ಮರಿ, ಯಾವಕ್ಕೆ ಲಸಿಕೆಯಾಗಿದೆ ಎಂದು ಒಂದು ಭಾನುವಾರ ಪಟ್ಟಿ ಮಾಡಿದರೆ ಅದೇ ಒಂದು ಒಳ್ಳೆಯ ವಿಜ್ಞಾನದ ಪ್ರಾಜೆಕ್ಟು. ಪಟ್ಟಿಯನ್ನು ಹಿಡಿದು ಅಪ್ಪ ಅಮ್ಮಂದಿರು ಪಶು ಆಸ್ಪತ್ರೆಗೆ ಹೋದರೆ ಸೀಸೆಯ ಲೆಕ್ಕ ಸರಿಹೋಗುತ್ತದೆ. ಕೋಳಿಯನ್ನು ಕೇಳಿ ಯಾರೂ ಖಾರ ಅರೆಯುವುದಿಲ್ಲ ನಿಜ. ಆದರೆ ಅದು ಬದುಕಿರುವಷ್ಟು ದಿನ ನೆಮ್ಮದಿಯಾಗಿರಲು ಏನು ಬೇಕೆಂದು ದಿನಾ ಬೆಳಿಗ್ಗೆ ಎರಡು ನಿಮಿಷ ನೋಡುವುದಕ್ಕೆ ಯಾವ ಖರ್ಚೂ ಇಲ್ಲ.

ಮುಂದಿನ ಸಲ ಕರಿ ಹೇಂಟೆ ತೂಕಡಿಸಿದಾಗ ಮೊಮ್ಮಗಳು ಅದನ್ನು ಮೊದಲು ನೆರಳಿನ ಮಂಕರಿಯಲ್ಲಿ ಬೇರೆ ಇಡಲಿ, ಹಿಕ್ಕೆ ನೋಡಲಿ, ನೋಟ್‌ಬುಕ್ಕಿನಲ್ಲಿ ಲಸಿಕೆಯ ದಿನ ಹುಡುಕಲಿ. ಆಮೇಲೆ ಬೇಕಾದರೆ ಅಜ್ಜಿಯ ಸಮಾಧಾನಕ್ಕೆ ಒಂದೆಸಳು ಬೆಳ್ಳುಳ್ಳಿಯನ್ನೂ ನುಂಗಿಸಲಿ.